ಬೈದರೆ ಬೆಳೆಯುವ ಟೈರು

"ವೈನಿ, ಇವು ಟೈರಲ್ರೀ, ಅವತಾರ!" ಎಂದು ಮೈದುನ ಮಹಾರುದ್ರ ಪಿಕಪ್ಪಿಗೆ ಗಾಲಿವರೆಗೂ ಹೊದಿಸಿದ್ದ ತಾಡಪತ್ರಿ ಎಳೆದಾಗಲೇ ನೀಲವ್ವನ ಪಿತ್ತ ನೆತ್ತಿಗೇರಿತು.

ಗದಗಿನಲ್ಲಿ ಮದುವೆ ಅಡುಗೆ ಮಾಡಿ ಸಾಗಿಸುವುದು ಆಕೆಯ ಉದ್ಯೋಗ. ಹೋದ ಮದುವೆಯ ಕಟ್ಟಿನ ಸಾರಿನಲ್ಲಿ ಅರ್ಧವನ್ನು ರಸ್ತೆಯ ತಗ್ಗುಗಳೇ ಉಂಡಿದ್ದವು. ಇನ್ನೊಮ್ಮೆ ಹಾಗಾದರೆ ಯಾರೂ ಕರೆಯುವುದಿಲ್ಲವೆಂದು "ದೊಡ್ಡ ಟೈರು ಹಾಕಿಸು" ಎಂದಿದ್ದಳು. ಮನೆಯಲ್ಲೇ ಹುಟ್ಟಿಸು ಎಂದಿರಲಿಲ್ಲ!

"ಅಂಗಡ್ಯಾಗ ಟೈರು ಸಿಗ್ತಿರಲಿಲ್ಲೇನು?"

"ಅವು ಸತ್ತ ಟೈರು. ಇದು ಜೀವಂತ ರಬ್ಬರು. ತಗ್ಗು ಬಂದ್ರ ತಾವ ಬೆಳಿತಾವ!"

"ತಗ್ಗು ಬಂದದ್ದು ಹೆಂಗ ಗೊತ್ತಾಕ್ಕೈತಿ? ಕಣ್ಣದಾವೇನು?"

"ಕಿವಿ ಅದಾವ್ರಿ! ತಗ್ಗಿಗೆ ಬಿದ್ದ ಕೂಡ್ಲೆ ಡ್ರೈವರ್ ಬೈತಾನಲ್ಲ? ತಗ್ಗು ಎಷ್ಟು ಆಳನೋ ಬೈಗುಳ ಅಷ್ಟು ಖಾರ. ಅದನ್ನ ಕೇಳಿ ಬೆಳಿತಾವ. ಮನಸಾರೆ ಹೊಗಳಿದ್ರ ಇಳಿತಾವ."

ಪುಣ್ಯಾತ್ಮ ಲೆಕ್ಕ ಹಾಕಿದ್ದು ಸಾಮಾನ್ಯ ಡ್ರೈವರುಗಳ ಬಾಯಿಗೆ. ನೀಲವ್ವ ಬಾಯಿ ತೆರೆದರೆ ಓಣಿಯ ನಾಯಿಗಳೂ ಗಲ್ಲಿ ಬದಲಿಸುತ್ತಿದ್ದವು! ಆದರೆ ಜಗಳಕ್ಕೆ ಹೊತ್ತಿರಲಿಲ್ಲ. ಮದುವೆ ಮಂಟಪದಲ್ಲಿ ಎಲೆ ಹಾಸುವ ಸಮಯ.

ಹಂಡೆಗಳನ್ನು ಹೇರಿ, ಮೈದುನನನ್ನು ಪಕ್ಕಕ್ಕೆ ಕೂರಿಸಿಕೊಂಡು ನೀಲವ್ವ ತಾನೇ ಗಾಡಿ ಬಿಟ್ಟಳು. ಮೊದಲ ತಗ್ಗು ಬಂತು. "ಇದರ ಹೆಣಾ ಎತ್ಲಿ!" ಎಂದಳು. ಗಾಡಿ ಗೇಣುದ್ದ ಎದ್ದಿತು.

"ಯಾಕೋ ಮೂಳಾ, ಇದು ಏಳಾಕತ್ತೈತಿ?" ಗಾಡಿ ಮೊಳದುದ್ದ ಎದ್ದಿತು.

"ಬೈಬ್ಯಾಡ್ರಿ ವೈನಿ!"

"ಬೈಬ್ಯಾಡ ಅಂತ ನನಗ ಹೇಳ್ತಿಯೇನೋ, ಹಾಳಾದವ್ನ!"

ಮುಂದಿದ್ದ ಕಬ್ಬಿನ ಟ್ರ್ಯಾಕ್ಟರನ್ನು ಪಿಕಪ್ಪು ದಾಟಿತು, ಅದರ ಮೇಲಿಂದಲೇ! ಬಸ್ಸಿನ ಟಾಪಿನಲ್ಲಿ ಕೂತವನೊಬ್ಬ ಕಿಟಕಿಗೆ ಬಾಗಿ "ಶರಣ್ರಿ ಅಕ್ಕಾರ" ಎಂದ.

"ಕರೆಂಟಿನ ತಂತಿ ಬಂತು! ನನ್ನ ಹೊಗಳ್ರಿ, ವೈನಿ!"

"ನಿನ್ನ ಹೊಗಳೋಕಿಂತ ತಂತಿ ಹಿಡಿಯೋದು ಛಲೋ!" ಗಾಡಿ ಮತ್ತೆ ಎದ್ದು ತಂತಿಯನ್ನೂ ದಾಟಿತು.

ಮಂಟಪದಲ್ಲಿ ಬೀಗರು ಎಲೆಯ ಮುಂದೆ ಕೂತಿದ್ದರು. ಹುಗ್ಗಿಯ ಹಂಡೆ ಮಾತ್ರ ಮಂಟಪದ ಮಾಳಿಗೆಗಿಂತ ಎತ್ತರದಲ್ಲಿತ್ತು.

"ಊಟ ಎಲ್ರೀ?" ಎಂದು ವರನ ಸೋದರಮಾವ ಗುಡುಗಿದ.

"ಮ್ಯಾಲ ನೋಡ್ರಿ!" ಎಂದ ಮಹಾರುದ್ರ.

ನೀಲವ್ವ ಹಲ್ಲು ಕಚ್ಚಿ "ಮಹಾರುದ್ರ ಭಾಳ ಶಾಣ್ಯಾ" ಎಂದಳು. ಟೈರು ನಂಬಲಿಲ್ಲ. ಇದ್ದ ಅಡುಗೆಯಾದರೂ ಎಷ್ಟು ಉಳಿದಿದೆಯೆಂದು ಕಿಟಕಿಯಿಂದಲೇ ಗಾಡಿಯ ಹಿಂಭಾಗಕ್ಕೆ ದಾಟಿ ಸಾರಿನ ಹಂಡೆಯ ಮುಚ್ಚಳ ತೆಗೆದಳು. ಸಾರು ಕಂಠದವರೆಗೆ ಹಾಗೇ ಇತ್ತು!

"ಅಯ್ಯ! ಒಂದು ಹನೀನೂ ಚೆಲ್ಲಿಲ್ಲಲ್ಲೋ ತಮ್ಮಾ!" ಎಂದು ಬಾಯ್ತಪ್ಪಿ ಅಂದುಬಿಟ್ಟಳು.

ಗಾಡಿ ಸುಂಯ್ಯೆಂದು ನೆಲಕ್ಕಿಳಿಯಿತು. ಪಂಕ್ತಿಯ ಮೇಲೆ ಪಂಕ್ತಿ ಉಂಡಿತು. "ಸಾರು ಭಾರಿ ಆಗೇತಿ!" "ಹುಗ್ಗಿ ಅಂದ್ರ ಇದು!" ಪಕ್ಕದಲ್ಲೇ ನಿಂತ ಟೈರುಗಳು ಎಲ್ಲವನ್ನೂ ಕೇಳಿಸಿಕೊಂಡವು. ನೀಲವ್ವ ಬಂದು ನೋಡಿದರೆ ಟೈರುಗಳು ಕುಗ್ಗಿ ನಾಲ್ಕು ಉದ್ದಿನವಡೆಗಳಾಗಿದ್ದವು, ಪಿಕಪ್ಪು ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿತ್ತು!

"ಒಂಚೂರು ಬೈರಿ ವೈನಿ, ಮನಿಗೆ ಹೋಗೂಣು."

ಅಷ್ಟು ಹೊಗಳಿಕೆ ಉಂಡ ಮೇಲೆ ಆಕೆಯ ಬಾಯಿಂದ ಬೈಗುಳವೇ ಹೊರಡಲಿಲ್ಲ. ಆಗ ವರನ ತಾಯಿ ಕೈ ಒರೆಸಿಕೊಳ್ಳುತ್ತ ಬಂದಳು: "ಎಲ್ಲಾ ಛಲೋ ಆಗಿತ್ತವ್ವ. ಹುಗ್ಗಿಗೆ ಬೆಲ್ಲ ಒಂಚೂರು ಕಮ್ಮಿ."

ನೀಲವ್ವ ಮೆಲ್ಲಗೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

"ಹಿಂದಕ್ಕ ಸರೀರಿ ಎಲ್ಲಾರೂ," ಎಂದ ಮಹಾರುದ್ರ, "ಗಾಡಿ ಏಳತೈತಿ."