ಎದಿಯೊಳಗ ಮಷೀನು, ಮನಿಯೊಳಗ ಲೈನ್‌ಮನ್ನು

ಎದಿಗಿ ಪೇಸ್‌ಮೇಕರ್ ಹಾಕಿಸ್ಕೊಂಡು ಬಂದಾಗಿನಿಂದ ನನ್ನ ಮುಂದ ದಿನಾ ಒಂದಿಲ್ಲೊಂದು ತಮಾಷಿ ನಡದೇ ಇರ್ತದ. ಮಂದಿ ನಗ್ತಾರ, ನನಗ ಮಾತ್ರ ಮೈಯೆಲ್ಲಾ ಉರೀತದ. ಕಮಲಾಪುರದಾಗ ನಾ ಹಿಟ್ಟಿನ ಗಿರಣಿ ನಡೆಸಾಕಿ. ನಮ್ಮ ಮನಿಯವ್ರು ಲೈನ್‌ಮನ್ ಆಗಿದ್ದು ರಿಟೈರ್ ಆದವ್ರು. ಕರೆಂಟ್ ಅಂದ್ರ ತಮಗ ಬಿಟ್ಟು ಯಾರಿಗೂ ತಿಳಿಯಂಗಿಲ್ಲ ಅನ್ನೋ ಮನಷಾ. ತ್ರಾಸ ಶುರುವಾಗಿದ್ದೇ ಅಲ್ಲಿಂದ.

ಮ್ಯಾಲಿನ ಸ್ಟಾರ್ಟರ್

ಗಿರಣಿಯೊಳಗ ಜ್ವಾಳ ಸುರೀತಾ ಸುರೀತಾ ಕಣ್ಣಿಗಿ ಕತ್ತಲಿ ಬಂದು ಬಿದ್ದೆ. ಒಬ್ಬಾಕಿ ದೃಷ್ಟಿ ಅಂದ್ಳು, ಇನ್ನೊಬ್ಬಾಕಿ ಬಿಸಿಲು ಅಂದ್ಳು. ಕಲಬುರಗಿಗಿ ಹೋಗಿ ಸೇಡಂ ರಸ್ತೆದ ಒಂದು ದವಾಖಾನಿಯೊಳಗ ಇಸಿಜಿ ತೆಗೆಸಿದ್ವಿ.

ಡಾಕ್ಟರ್ ಮೇಡಮ್ ಛಂದಾಗಿ ತಿಳಿಸಿ ಹೇಳಿದ್ರು. ಎದಿಯ ಮ್ಯಾಲಿನ ಖೋಲಿಯೊಳಗ ಒಂದು ಸ್ಟಾರ್ಟರ್ ಇರ್ತದಂತ. ಅದು ತಾನಾಗೇ ಸಣ್ಣ ಕರೆಂಟ್ ಹುಟ್ಟಿಸ್ತದ. ಆ ಕರೆಂಟ್ ನಡುವಿನ ದಾರಿ ಹಿಡ್ದು ಕೆಳಗಿನ ಖೋಲಿಗಿ ಇಳದಾಗ ನಾಡಿ ಬಡೀತದ. ನನ್ನ ಸ್ಟಾರ್ಟರ್ ಸರಿ ಅದ, ನಡುವಿನ ದಾರಿ ಕೆಟ್ಟದ. ಕೆಳಗಿನ ಖೋಲಿ ತನಗ ತಿಳದಂಗ ನಿಧಾನಕ್ಕ ಬಡೀಲಾಕತ್ತದ. ಪೇಸ್‌ಮೇಕರ್ ಹಾಕಿದ್ರ ಅದು ಮ್ಯಾಲಿನ ಹುಕುಂ ಕೆಳಗ ಮುಟ್ಟಸ್ತದ ಅಂದ್ರು.

ನಾ ಬದುಕ್ತೀನೋ ಇಲ್ಲೋ ಅಂತ ಅಂಜಿ ಕುಂತೀನಿ. ನಮ್ಮ ಮನಿಯವ್ರು ಏನು ಕೇಳಬೇಕು?

"ಮೇಡಮ್, ಇದು ಸಿಂಗಲ್ ಫೇಸೋ, ತ್ರೀ ಫೇಸೋ?"

ಕರೆಂಟ್ ಹೋದಾಗ

ಎದಿಯ ಮ್ಯಾಲ, ಚರ್ಮದ ಕೆಳಗ ಮಷೀನ್ ಕೂಡಿಸಿ ಮನಿಗಿ ಕಳಿಸಿದ್ರು. ಒಂದಿನ ಮಧ್ಯಾಹ್ನ ಊಟಕ್ಕ ಕುಂತೀನಿ, ಕರೆಂಟ್ ಹೋತು. ಬಾಜೂ ಮನಿ ಮುಸ್ಲಿಂ ಚಿಗವ್ವ, ಓಣಿಗೆಲ್ಲಾ ಖಾಲಾ, ಓಡಿ ಬಂದು ನನ್ನ ಕೈ ಹಿಡ್ದು ನಾಡಿ ನೋಡ್ಲಾಕತ್ತಿದ್ರು. ಅವರ ಹಿಂದ ಅರ್ಧ ಓಣಿ. ಒಬ್ಬಾವ ತಮ್ಮ ಮನಿ ಇನ್ವರ್ಟರಿನಿಂದ ನನಗ ವೈರ್ ಎಳೀತೀನಿ ಅಂತ ನಿಂತಿದ್ದ. ತುತ್ತು ಬಾಯಾಗೇ ಉಳೀತು.

ಮಷೀನಿನೊಳಗೇ ಬ್ಯಾಟರಿ ಅದ, ವರ್ಷಗಟ್ಟಲೆ ಬರ್ತದ, ನಿಮ್ಮ ಕಂಬಕ್ಕೂ ನನಗೂ ಸಂಬಂಧ ಇಲ್ಲ ಅಂತ ನಾ ಗಂಟಲು ಹರ್ಕೊಂಡೆ. ಖಾಲಾ ನನ್ನ ಬಾಯಿ ಮ್ಯಾಲ ಕೈ ಇಟ್ರು.

"ಬಾತಾಂ ನಕ್ಕೋ ಬೇಟಿ, ಮಾತಾಡಬ್ಯಾಡ. ಬ್ಯಾಟರಿ ತೀರ್ತದ."

ಗಿರಣಿಗಿ ಕೀಲಿ

ಮಂದಿದು ಹೋಗ್ಲಿ, ಮನಿಯವ್ರದು ಕೇಳ್ರಿ. ನನಗ ರಬ್ಬರ್ ಚಪ್ಪಲ್ ಹಾಕ್ಸಿದ್ರು. ಕುಂದ್ರಲಿಕ್ಕ ಕಟ್ಟಿಗಿ ಸ್ಟೂಲ್. ಮಿಕ್ಸರ್ ಮುಟ್ಟಂಗಿಲ್ಲ, ಟಿವಿ ಹತ್ರ ಹೋಗಂಗಿಲ್ಲ. ನಾ ಹೆಂಡ್ತಿನೋ ಟ್ರಾನ್ಸ್‌ಫಾರ್ಮರೋ ನನಗೇ ತಿಳಿಲಾರದಂಗಾತು.

ಕಡೀಕ ಗಿರಣಿಗಿ ಕೀಲಿ ಹಾಕಿ ಕಿಸೆದಾಗ ಇಟ್ಕೊಂಡ್ರು. ದೊಡ್ಡ ಮೋಟಾರು ನನ್ನ ಮಷೀನ್ ಎಳ್ಕೋತದಂತ, ಇನ್ಮ್ಯಾಲ ಗಿರಣಿ ಮಾರೋದೇ ಛಲೋ ಅಂತ. ಅದು ನನ್ನ ಗಿರಣಿ. ನನ್ನ ಗಿರಾಕಿಗಳು ಡಬ್ಬಿ ಹೊತ್ಕೊಂಡು ಬ್ಯಾರೆ ಗಿರಣಿಗಿ ಹೋಗೋದು ನೋಡಿ ಅಳು ಬಂತು. ಆಪರೇಷನ್ ದಿನ ಸೈತ ನಾ ಅತ್ತಿರಲಿಲ್ಲ.

ಸಾಲದ್ದಕ್ಕ, ತಮ್ಮ ಹಳೀ ಅಪಾಯದ ಬೋರ್ಡ್ ಒಂದನ್ನ ಗಿರಣಿ ಬಾಗಲಿಗಿ ತೂಗ ಹಾಕಿದ್ರು. ಬುರುಡಿ, ಎಲುಬು ಎಲ್ಲಾ ಅದಾವ. ಕೆಂಪು ಬಾಳಿಹಣ್ಣು ಮಾರೋ ಮುದುಕಿ ಅದನ್ನ ನೋಡಿ ನಾ ತೀರ್ಕೊಂಡೆ ಅಂತ ತಿಳದು ಅಳ್ತಾ ಮನಿಗಿ ಬಂದ್ಳು. ಬಾಗಲಾಗ ನಾನೇ ನಿಂತಿದ್ದೆ. ತಂದಿದ್ದ ಹಾರ ಸೆರಗಿನೊಳಗ ಮುಚ್ಕೊಂಡು, "ಆರಾಮ ಇದ್ದೀರೇನ್ರೀ?" ಅಂದ್ಳು.

ಮೋಟಾರಿಗಿಂತ ದೂರ

ತಪಾಸಣಿಗಿ ಮತ್ತ ಕಲಬುರಗಿಗಿ ಹೋದ್ವಿ. ಮೈಗಿ ವೈರ್ ಹಚ್ಚಿ ಮಲಗ್ಸಿದ್ರು, ಎದಿ ಬಡಿಯೋದು ಟಿವಿ ಮ್ಯಾಲ ಕಾಣ್ತಿತ್ತು. ನಾ ಗಿರಣಿ ಮಾತು ತೆಗೆದೆ. ಗಿರಣಿಯೊಳಗ ಧಾರಾಳ ಕುಂದರ್ರಿ, ಮೋಟಾರಿನಿಂದ ಒಂದು ಕೈಯಳತಿ ದೂರ ಇರ್ರಿ, ಅದರ ಮ್ಯಾಲ ಬಗ್ಗಬ್ಯಾಡ್ರಿ, ಅಷ್ಟೇ ಅಂದ್ರು ಮೇಡಮ್.

ಮನಿಯವ್ರು ಎದ್ದು ನಿಂತ್ರು. ಜೀವನಾ ಪೂರಾ ಕಂಬ ಹತ್ತಿದಾವ ನಾ, ನನಗ ಕರೆಂಟ್ ಕಲಿಸಬ್ಯಾಡ್ರಿ ಅಂತ ಶುರು ಹಚ್ಕೊಂಡ್ರು. ಟಿವಿ ಮ್ಯಾಲಿನ ಗೆರಿ ದಡದಡ ಓಡ್ಲಾಕತ್ತವು. ಮೇಡಮ್ ಅದನ್ನ ನೋಡಿದ್ರು, ಇವರನ್ನ ನೋಡಿದ್ರು, ಹೊರಗ ಕಳಿಸಿದ್ರು. ಗೆರಿ ತಣ್ಣಗಾದವು. ಮತ್ತ ಒಳಗ ಕರದ್ರು. ಇವರು "ಮೋಟಾರ್" ಅನ್ನೋದ್ರೊಳಗ ಮತ್ತ ದಡದಡ.

"ಅವ್ವಾರ, ಸ್ಟಾರ್ಟರ್ ಇನ್ನೂ ನಿಮ್ದೇ ಅದ. ಸಿಟ್ಟು ಬಂದ್ರ ಅದು ಓಡ್ತದ, ಮಷೀನು ಅದರ ಹಿಂದ ಓಡ್ತದ," ಅಂದು ಮೇಡಮ್ ಇವರ ಕಡಿ ತಿರುಗಿದ್ರು. "ಮೋಟಾರಿಗಿಂತ ನೀವೇ ಸ್ವಲ್ಪ ದೂರ ಇರ್ರಿ."

ನಾ ಮಲಗಿದಲ್ಲಿಂದಲೇ ಕೈ ಚಾಚಿದೆ. ಕೀಲಿ ಕೈಯಾಗ ಬಿತ್ತು.

ಮರುದಿನ ಗಿರಣಿ ಮುಂದ ಹೆಣ್ಣಮಕ್ಕಳು ಡಬ್ಬಿ ಹಿಡ್ದು ಸಾಲಾಗಿ ಪಾಳಿ ಹಚ್ಚಿದ್ರು. ನಮ್ಮವರಿಗಿ ನಾಚಿಕಿ ಆಗಿರ್ತದ ಅಂತ ನಾ ತಿಳದಿದ್ದೆ. ಇವರು ನೋಡಿದ್ರ ಹೊರಗ ಕಟ್ಟಿ ಮ್ಯಾಲ ಕುಂತು, ಮೀಸಿ ತಿರುವಿಕೋತ, ಪಾಳಿಯೊಳಗ ನಿಂತವರಿಗೆಲ್ಲಾ ಹೇಳ್ಲಾಕತ್ತಿದ್ರು:

"ಮದುವ್ಯಾಗಿ ಇಷ್ಟು ವರ್ಷ ಆತು. ಇನ್ನೂ ನಾ ಒಳಗ ಬಂದ್ರ ಸಾಕು, ಈಕಿ ಎದಿ ಜೋರ್ ಬಡ್ಕೋತದ. ಡಾಕ್ಟರೇ ಟಿವಿ ಮ್ಯಾಲ ತೋರ್ಸ್ಯಾರ."

ಪಾಳಿಗಿ ಪಾಳಿನೇ ಸೆರಗು ಬಾಯಿಗಿ ಹಿಡ್ಕೊಂಡು ನನ್ನ ನೋಡ್ತು. ನಾ ಗ್ವಾಡಿ ಮ್ಯಾಲಿನ ಬಟನ್ ಒತ್ತಿ, ಒಂದು ಕಾಳು ಜ್ವಾಳ ಸುರಿಯೋಕ್ಕಿಂತ ಮೊದಲೇ, ಇವರ ದನಿ ಮುಚ್ಚಿಹೋಗೋಹಂಗ ಗಿರಣಿ ಚಾಲೂ ಮಾಡಿಬಿಟ್ಟೆ.