ಒಂದು ಹೆಂಚಿನ ಬಿಸಿಲು

ಹಳೇ ಕಟ್ಟಡದಲ್ಲಿ ಪಾಠ ಮಾಡುವವರಿಗೆ ಇಂಥದ್ದೆಲ್ಲ ಆಗುತ್ತಲೇ ಇರುತ್ತದೆ. ತೊಂಬತ್ತರ ದಶಕದಲ್ಲಿ ನಾನು ಭದ್ರಾವತಿಯಿಂದ ದಿನಾ ಬಸ್ಸು ಹಿಡಿದು ಶಿವಮೊಗ್ಗದ ಒಂದು ಸರ್ಕಾರಿ ಹೈಸ್ಕೂಲಿಗೆ ಬಂದು ಇತಿಹಾಸ ಹೇಳುತ್ತಿದ್ದೆ. ಮಹಾರಾಜರ ಕಾಲದ ಕಟ್ಟಡ. ಎತ್ತರದ ಮಾಡು, ಮೊಳ ದಪ್ಪದ ಗೋಡೆ, ಬೇಸಿಗೆಯಲ್ಲೂ ತಂಪು. ಈಗಲೂ ನನ್ನ ಕನಸಿಗೆ ಬರುತ್ತದೆ.

ಎರಡು ಬೆರಳು

ಕೆಲಸಕ್ಕೆ ಸೇರಿದ ದಿನ, ಗಂಟೆ ಬಾರಿಸುವ ಹಿರಿಯ ಜವಾನರೊಬ್ಬರು ವರಾಂಡದ ನೆಲವನ್ನೇ ನೋಡುತ್ತ ನಿಂತಿದ್ದರು. ಮಾಡಿನಲ್ಲಿ ಒಂದು ಹೆಂಚು ಒಡೆದು, ಅಂಗೈಯಗಲ ಬಿಸಿಲು ಕೆಳಗೆ ಬಿದ್ದಿತ್ತು. ಅದರ ದಾರಿಯುದ್ದಕ್ಕೂ ಸೀಮೆಸುಣ್ಣದ ಗೆರೆಗಳು.

"ಏನು ಕಳ್ಕೊಂಡ್ರಿ?" ಎಂದೆ.

"ಏನೂ ಇಲ್ಲ ಮೇಡಂ. ಮೂರನೇ ಪೀರಿಯಡ್ ಬರ್ತಾ ಇದೆ. ಇನ್ನು ಎರಡು ಬೆರಳಿದೆ."

ಆಫೀಸಿನ ಗಡಿಯಾರ ನಿಂತು ವರ್ಷಗಳಾಗಿದ್ದವಂತೆ. ನಾನು ವಾಚು ನೋಡಿ, "ಇನ್ನೂ ಹತ್ತು ನಿಮಿಷ ಇದೆಯಲ್ಲ?" ಎಂದೆ.

ಅವರು ಮರುಕದಿಂದ ನನ್ನ ಕೈ ನೋಡಿ, "ರಿಪೇರಿಗೆ ಕೊಡಿ ಮೇಡಂ," ಎಂದರು.

ಮೋಡದ ದಿನ

ಮಳೆಗಾಲದಲ್ಲಿ ಏನು ಮಾಡುತ್ತೀರಿ ಎಂದು ಕೇಳಿದಾಗ ಜವಾನರು ನಾಚಿಕೊಂಡರು.

"ಕಿಟಕಿಯಿಂದ ನಿಮ್ಮ ಕ್ಲಾಸ್ ನೋಡ್ತೀನಿ ಮೇಡಂ. ಹಿಂದಿನ ಬೆಂಚು ತೂಕಡಿಸಿದ್ರೆ ಅರ್ಧ ಪೀರಿಯಡ್. ಮುಂದಿನ ಬೆಂಚು ತೂಕಡಿಸಿದ್ರೆ ಬೆಲ್ ಹೊಡೀತೀನಿ."

ನನಗೆ ಸಿಟ್ಟು ಬಂತು. ರಿಪೇರಿಯಾಗಿ ಬಂದ ವಾಚು ಮೇಜಿನ ಮೇಲಿಟ್ಟುಕೊಂಡು ಪರೀಕ್ಷಿಸಿದೆ. ಒಂದು ನಿಮಿಷವೂ ಹೆಚ್ಚುಕಮ್ಮಿ ಇರಲಿಲ್ಲ.

ಇಂಜಿನಿಯರ್ ಬಂದರು

ಕಟ್ಟಡ ಉಳಿಸಬೇಕೋ ಕೆಡವಬೇಕೋ ಎಂದು ವರದಿ ಬರೆಯಲು ಇಂಜಿನಿಯರ್ ಬರುವುದಾಯಿತು. ಹಿಂದಿನ ದಿನವೇ ಹೆಡ್‌ಮಾಸ್ಟರು ಒಡೆದ ಹೆಂಚು ಬದಲಾಯಿಸಿಬಿಟ್ಟರು. "ನಾಳೆ ಯಾರಾದ್ರೂ ತೂಕಡಿಸಿದ್ರೆ ಟಿ.ಸಿ. ಕೊಡ್ತೀನಿ," ಎಂದು ಮಕ್ಕಳನ್ನೂ ಹೆದರಿಸಿದರು. ಜವಾನರಿಗೆ ನೋಡಲು ಬಿಸಿಲೂ ಇಲ್ಲ, ಮಕ್ಕಳ ನಿದ್ದೆಯೂ ಇಲ್ಲ.

ಇಂಜಿನಿಯರ್ ಬೆಳಿಗ್ಗೆಯೆಲ್ಲ ಗೋಡೆ ತಟ್ಟಿ, ತೊಲೆ ನೋಡಿ, ಊಟ ಮುಗಿಸಿ ನನ್ನ ಕ್ಲಾಸಿನ ಮುಂದಿನ ಬೆಂಚಿನಲ್ಲಿ ಕೂತರು. ಪಾಠ ಮಾಡಿದೆ. ಮಾಡುತ್ತಲೇ ಇದ್ದೆ. ಬೆಲ್ ಆಗಲಿಲ್ಲ. ಎರಡು ರಾಜವಂಶ ಮುಗಿದವು. ಮಕ್ಕಳು ಕಣ್ಣು ಅರಳಿಸಿಕೊಂಡೇ ಕೂತಿದ್ದರು. ಕಿಟಕಿಯಲ್ಲಿ ಜವಾನರ ಮುಖ ಬಾಡಿತ್ತು. ಮೂರನೇ ರಾಜವಂಶ ಶುರುವಾಗುವಾಗ ಇಂಜಿನಿಯರ ತಲೆ ಮೆಲ್ಲಗೆ ಎದೆಗೆ ವಾಲಿತು.

ಢಣ್ ಢಣ್ ಢಣ್.

"ಯಾಕ್ರೀ ಈಗ ಹೊಡೆದ್ರಿ?" ಎಂದು ಬೆಚ್ಚಿ ಎದ್ದ ಇಂಜಿನಿಯರ್ ಕೇಳಿದರು. ಜವಾನರು ಕೈಮುಗಿದು ಹೆಂಚು, ಬಿಸಿಲು, ಮುಂದಿನ ಬೆಂಚು ಎಲ್ಲವನ್ನೂ ಹೇಳಿಬಿಟ್ಟರು. ಬಾಗಿಲಲ್ಲಿ ನಿಂತಿದ್ದ ಹೆಡ್‌ಮಾಸ್ಟರ ಮುಖ ಬಿಳಿಚಿತು. ಕಟ್ಟಡ ಹೋಯಿತೆಂದು ನನಗೆ ಅಳುವೇ ಬಂತು.

ಇಂಜಿನಿಯರ್ ಮಾಡನ್ನೊಮ್ಮೆ ನೋಡಿ ಚೀಲದಿಂದ ಕಾಗದ ತೆಗೆದರು. "ಇಂಥ ನಿದ್ದೆ ಬಂದು ಎಷ್ಟು ವರ್ಷ ಆಗಿತ್ತು ಮಾರಾಯ್ರೆ," ಎಂದು ಅಲ್ಲೇ ವರದಿ ಬರೆದರು: "ಕಟ್ಟಡ ಗಟ್ಟಿಯಾಗಿದೆ, ಕೆಡವುವ ಅಗತ್ಯವಿಲ್ಲ. ವರಾಂಡದ ಒಂದು ಹೆಂಚನ್ನು ಮಾತ್ರ ತುರ್ತಾಗಿ ತೆಗೆಸತಕ್ಕದ್ದು."