ಲಂಡನ್ ಷಡ್ಡಕ, ಅಮೆರಿಕ ಷಡ್ಡಕ ಮತ್ತು ನನ್ನ ಕಾರಿನ ಮೀಟರು

ಲಂಡನ್ನಿನಿಂದ ನ್ಯೂಯಾರ್ಕಿಗೆ ಕಾರು ಓಡಿಸಿಕೊಂಡು ಹೋದ ಏಕೈಕ ಕನ್ನಡಿಗ ನಾನು. ನಡುವೆ ಎರಡು ಸಲ ಟೀಗೆ ನಿಲ್ಲಿಸಿದ್ದೆ, ಅಷ್ಟೆ.

ಸುಳ್ಳು. ಮಧ್ಯದಲ್ಲಿ ಸಮುದ್ರ ಇದೆ ಅಂತ ನನಗೂ ಗೊತ್ತು, ನನ್ನ ಹತ್ತಿರ ಪಾಸ್‌ಪೋರ್ಟ್ ಇಲ್ಲ ಅಂತ ನಿಮಗೂ ಗೊತ್ತು. ಆದರೆ ಲಂಡನ್ನೂ ಅಮೆರಿಕವೂ ಆರು ದಿನ ನನ್ನ ಕಾರಲ್ಲಿ ಕೂತಿದ್ದು ಮಾತ್ರ ನಿಜ. ಹುಣಸೂರಲ್ಲಿ ಇಪ್ಪತ್ತೆರಡು ವರ್ಷದಿಂದ ಡ್ರೈವಿಂಗ್ ಸ್ಕೂಲ್ ಇಟ್ಟುಕೊಂಡವನಿಗೆ ಇಂಥವು ಆಗುತ್ತಲೇ ಇರುತ್ತವೆ. ಮನುಷ್ಯ ಎಂಥವನು ಅಂತ ತಿಳಿಯೋಕೆ ಅವನ ಜೊತೆ ಸಂಸಾರ ಮಾಡಬೇಕಾಗಿಲ್ಲ. ಪಕ್ಕದ ಸೀಟಲ್ಲಿ ಕೂತು, ಅವನು ಸೆಕೆಂಡ್ ಗೇರ್ ಹಾಕುವಾಗ ಮುಖ ನೋಡಿದರೆ ಸಾಕು.

ಪಂದ್ಯ

ಸಂಕ್ರಾಂತಿ ಕಳೆದು ವಾರವಾಗಿತ್ತು. ಬೆಳಿಗ್ಗೆ ಸ್ಕೂಲಿನ ಬಾಗಿಲಿಗೆ ಇಬ್ಬರು ಬಿಳಿಯರು ಬಂದು ನಿಂತರು. ಒಬ್ಬ ಉದ್ದಕ್ಕೆ ಸಣ್ಣಗೆ, ಮೋಡವಿಲ್ಲದ ದಿನವೂ ಕೊಡೆ ಹಿಡಿದಿದ್ದ. ಇನ್ನೊಬ್ಬ ದುಂಡಗೆ, ಟೋಪಿ ಹಾಕಿಕೊಂಡು, ಒಳಗೆ ಬರುವ ಮೊದಲೇ ನನ್ನ ಕೈ ಹಿಡಿದು ಕುಲುಕುತ್ತಿದ್ದ. ಉದ್ದನೆಯವನದು ಲಂಡನ್ನಿನ ಪಕ್ಕದ ಯಾವುದೋ ಊರು, ದುಂಡನೆಯವನದು ಅಮೆರಿಕ. ಅಕ್ಕನನ್ನು ಇವನು, ತಂಗಿಯನ್ನು ಅವನು ಮದುವೆಯಾದವರು. ಅಂದರೆ ಅಪ್ಪಟ ಷಡ್ಡಕರು. ಹೆಂಡತಿಯರು ಮೈಸೂರಿನಲ್ಲಿ ಯೋಗ ಕಲಿಯುತ್ತಿದ್ದರು. ಇವರು ಹುಣಸೂರಿನ ಲಾಡ್ಜಲ್ಲಿ ರೂಮು ಮಾಡಿಕೊಂಡು ಜಗಳ ಆಡುತ್ತಿದ್ದರು.

ಜಗಳ ಇಷ್ಟೇ. ಪ್ರತಿ ವರ್ಷ ಅತ್ತೆ ಮನೆಯಲ್ಲಿ ಎಲ್ಲರೂ ಸೇರಿದಾಗ, ಇಡೀ ವರ್ಷದಲ್ಲಿ ಎಷ್ಟು ದೂರ ಕಾರು ಓಡಿಸಿದೆವು ಅಂತ ಇಬ್ಬರೂ ಹೇಳುತ್ತಾರಂತೆ. ಅಮೆರಿಕದವನದು ಯಾವಾಗಲೂ ಲಂಡನ್ನಿನವನ ಎರಡರಷ್ಟು. ಅವರ ದೇಶದಲ್ಲಿ ಹಾಲು ತರೋಕೂ ಕಾರೇ ಬೇಕು, ಮೂರು ಗಂಟೆ ಓಡಿಸಿದರೆ ಅದನ್ನ ಪಕ್ಕದ ಊರು ಅಂತಾರೆ. ಲಂಡನ್ನಿನವನಿಗೆ ರೈಲಿದೆ, ಬಸ್ಸಿದೆ, ಎರಡು ಕಾಲಿದೆ. ಇಷ್ಟನ್ನೂ ಅವನು ವಿವರಿಸಿದ ಮೇಲೆ, ತೊಂಬತ್ತು ವರ್ಷದ ಅತ್ತೆ ಎಲ್ಲರೆದುರಿಗೆ, "ಇನ್ನೂ ಸ್ವಲ್ಪ ಪ್ರಾಕ್ಟೀಸ್ ಮಾಡಪ್ಪ" ಅನ್ನುತ್ತಾರಂತೆ. ಇಪ್ಪತ್ತು ವರ್ಷದಿಂದ ಇದೇ ಮಾತು. ಅದನ್ನ ಹೇಳುವಾಗ ಆ ಮನುಷ್ಯನ ಕಿವಿ ಕೆಂಪಾಗಿತ್ತು.

ಅದಕ್ಕೇ ಪಂದ್ಯ. ಇಬ್ಬರಿಗೂ ಪರವೂರು, ಒಂದೇ ಕಾರು, ಆರು ದಿನ. ಒಂದು ದಿನ ಅಮೆರಿಕದವನು, ಒಂದು ದಿನ ಲಂಡನ್ನಿನವನು, ಬೆಳಿಗ್ಗೆ ಎಂಟರಿಂದ ಸಾಯಂಕಾಲ ಐದರವರೆಗೆ. ಮೀಟರಲ್ಲಿ ಯಾರದು ಜಾಸ್ತಿಯೋ ಅವನು ಗೆದ್ದ. ಸೋತವನು ಅತ್ತೆಗೆ ಫೋನು ಮಾಡಿ, ತನ್ನ ಬಾಯಲ್ಲೇ, "ಅವನು ನನಗಿಂತ ಒಳ್ಳೇ ಡ್ರೈವರು" ಅನ್ನಬೇಕು. ರೆಫರಿ ನಾನು. ನಾನು ಹಾಕಿದ ಷರತ್ತು ಒಂದೇ: ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕು ತಾಲೂಕು ದಾಟುವ ಹಾಗಿಲ್ಲ. ಮೈಸೂರಿನ ಪೊಲೀಸರಿಗೆ ನನ್ನ ಪರಿಚಯ ಸ್ವಲ್ಪ ಜಾಸ್ತಿ.

ಒಂದು ವಿಷಯದಲ್ಲಿ ಮಾತ್ರ ಇಬ್ಬರೂ ಒಂದಾಗಿದ್ದರು. ಇಬ್ಬರ ದೇಶದಲ್ಲೂ ದೂರ ಅಳೆಯೋದು ಮೈಲಿಯಲ್ಲಿ. ತನ್ನ ಮೊದಲ ಸರದಿಯ ದಿನ ಮೀಟರು ಸರಸರ ಏರಿದ್ದು ನೋಡಿ ಲಂಡನ್ನಿನವನು ಹಿಗ್ಗಿ ಹೀರೇಕಾಯಿ ಆದ. ಇದು ಕಿಲೋಮೀಟರು ಸ್ವಾಮಿ ಅಂದೆ. ಸಂಬಳದಲ್ಲಿ ದುಡ್ಡು ಕಡಿತವಾದವರ ಥರ ಮುಖ ಮಾಡಿಕೊಂಡ.

ಅಮೆರಿಕದ ಎಡಗಾಲು

ಅಮೆರಿಕದವನ ಕಾರಿನಲ್ಲಿ ಕ್ಲಚ್ಚೇ ಇಲ್ಲವಂತೆ. ನಲವತ್ತು ವರ್ಷ ಕಾರು ಓಡಿಸಿದ್ದಾನೆ, ಎಡಗಾಲು ಅತಿಥಿಯ ಹಾಗೆ ಸುಮ್ಮನೆ ಜೊತೆಗೆ ಬಂದಿದೆ. ಅವನ ಮೊದಲ ದಿನ ಪೂರ್ತಿ ಆ ಕಾಲಿಗೇ ಹೋಯಿತು. ಬಿಟ್ಟರೆ ಕಾರು ಕಪ್ಪೆಯಂತೆ ಹಾರುತ್ತದೆ, ಒತ್ತಿದರೆ ನಿಲ್ಲುತ್ತದೆ.

ನನ್ನದು ಕಲಿಸುವ ಕಾರು ನೋಡಿ, ಪಕ್ಕದ ಸೀಟಿನ ಕೆಳಗೂ ಒಂದು ಕ್ಲಚ್ಚು, ಒಂದು ಬ್ರೇಕು. ಮಧ್ಯಾಹ್ನದ ಹೊತ್ತಿಗೆ ನನಗೆ ಬೇಜಾರಾಗಿ, ಅವನಿಗೆ ಹೇಳದೆ ಕ್ಲಚ್ಚನ್ನ ನಾನೇ ಒತ್ತತೊಡಗಿದೆ. ಕಾರು ತುಪ್ಪದ ಮೇಲೆ ಜಾರಿದ ಹಾಗೆ ಪಿರಿಯಾಪಟ್ಟಣ ತಲುಪಿತು. ಅವನು ತನ್ನ ಎಡಗಾಲನ್ನು ತಾನೇ ತಟ್ಟಿಕೊಂಡ. ನನ್ನಂಥ ಗುರು ಅವರ ದೇಶದಲ್ಲೇ ಇಲ್ಲ ಅಂದ. ನಾನು ಇಲ್ಲ ಅನ್ನಲಿಲ್ಲ, ಹೊಗಳಿಕೆಗೆ ಅಡ್ಡ ಬರುವ ಅಭ್ಯಾಸ ನನಗಿಲ್ಲ.

ಬಸ್ ಸ್ಟ್ಯಾಂಡಿನ ಹತ್ತಿರ ಎಲೆ ಅಡಿಕೆ ತರೋಣ ಅಂತ ಇಳಿದೆ. ಬಾಯಿಗೆ ಹಾಕಿಕೊಂಡು ತಿರುಗಿ ನೋಡಿದರೆ ಕಾರು ಕುಣಿಯುತ್ತಿದೆ, ಸುತ್ತ ನಲವತ್ತು ಜನ. ಅವನು ಇಳಿದು ನೇರ ನನ್ನ ಹತ್ತಿರ ಬಂದ. ಮುಖದಲ್ಲಿ ಕೋಪವಿಲ್ಲ, ಬರೀ ಆಶ್ಚರ್ಯ.

"ನಿಮ್ಮ ಕಾರಿಗೆ ಏನೋ ಆಗಿದೆ," ಅಂದ. "ನೀವು ಇಲ್ಲದಿದ್ದರೆ ಅದಕ್ಕೆ ಬೇಸರ ಆಗುತ್ತೆ."

ಒಂದು ಹೇಳಿಬಿಡುತ್ತೇನೆ. ನಿಜ ತಿಳಿದ ಮೇಲೂ ಆ ಮನುಷ್ಯ ಕೋಪ ಮಾಡಿಕೊಳ್ಳಲಿಲ್ಲ. ಮಾರನೇ ಬೆಳಿಗ್ಗೆ ಐದೂವರೆಗೇ ಮೈದಾನಕ್ಕೆ ಬಂದು, ಒಂದು ಗಂಟೆಯಲ್ಲಿ ಕ್ಲಚ್ಚು ಕಲಿತ. ನನ್ನ ಹತ್ತಿರ ಮೂರು ವರ್ಷದಿಂದ ಕಲಿಯುತ್ತಿರುವ ಮೇಷ್ಟ್ರೊಬ್ಬರಿದ್ದಾರೆ, ಅವರಿಗೆ ಈ ಕಥೆ ಹೇಳಬೇಡಿ.

ಲಂಡನ್ನು ನಿಂತಿತು

ಲಂಡನ್ನಿನವನಿಗೆ ಕ್ಲಚ್ಚು ಗೊತ್ತು, ಎಡಗಡೆ ಓಡಿಸೋದೂ ಗೊತ್ತು. ಮುಂದೆ ಹೋಗೋದು ಮಾತ್ರ ಗೊತ್ತಿರಲಿಲ್ಲ. ಕೋಳಿ ಬಂದರೆ ನಿಲ್ಲುತ್ತಾನೆ. ಕಬ್ಬಿನ ಗಾಡಿ ಬಂದರೆ ನಿಂತು, ಎತ್ತುಗಳಿಗೆ ಕೈ ಬೀಸುತ್ತಾನೆ. ಹಾರ್ನ್ ಮಾಡಿ ಸ್ವಾಮಿ ಅಂದರೆ, ಅವರ ಊರಲ್ಲಿ ಹಾರ್ನ್ ಅಂದರೆ ಬೈದ ಹಾಗಂತೆ. ನಮ್ಮಲ್ಲಿ ಅದು ನಮಸ್ಕಾರ ಇದ್ದ ಹಾಗೆ ಅಂದೆ. ಒಪ್ಪಿಕೊಂಡು, ಒಮ್ಮೆ ಹಾರ್ನ್ ಒತ್ತಿ, ಕಿಟಕಿ ಇಳಿಸಿ, ಸ್ಕೂಟರಿನ ಹೆಂಗಸಿಗೆ "ಸಾರಿ" ಅಂದ.

ಕೆ.ಆರ್. ನಗರದ ಪೇಟೆ ಬೀದಿಯಲ್ಲಿ ಒಬ್ಬ ಮುದುಕ ರಸ್ತೆ ದಾಟಲು ನಿಂತಿದ್ದ. ನಮ್ಮವನು ಕಾರು ನಿಲ್ಲಿಸಿ, ದಯಮಾಡಿಸಿ ಅಂತ ಕೈ ತೋರಿಸಿದ. ಮುದುಕ ಒಂದು ಹೆಜ್ಜೆ ಹಿಂದೆ ಹೋದ. ಇವನು ಇನ್ನೂ ಚೆನ್ನಾಗಿ ಕೈ ತೋರಿಸಿದ. ಅವನು ಅಂಗಡಿಯ ಕಟ್ಟೆ ಹತ್ತಿಬಿಟ್ಟ. ಹಿಂದೆ ಬಸ್ಸು, ಅದರ ಹಿಂದೆ ಟ್ರಾಕ್ಟರು, ಎಲ್ಲವೂ ನಮಸ್ಕಾರ ಮಾಡತೊಡಗಿದವು. ನಾನು ಇಳಿದು ಹೋಗಿ, ದಾಟಿ ಅಜ್ಜ, ನಿಮಗೋಸ್ಕರವೇ ನಿಲ್ಲಿಸಿದ್ದಾರೆ ಅಂದೆ.

"ಅದ್ಕೇ ಕಣಪ್ಪ ಭಯ," ಅಂದ ಮುದುಕ. "ಎಂಬತ್ತು ವರ್ಸದಿಂದ ಈ ರಸ್ತೆ ದಾಟ್ತಾವ್ನಿ. ಒಬ್ರೂ ನಿಲ್ಸಿಲ್ಲ. ಇವ್ನು ನಿಲ್ಸವ್ನೆ ಅಂದ್ರೆ ಏನೋ ಅದೆ."

ಕೊನೆಗೆ ಲಂಡನ್ನಿನವನೇ ಇಳಿದು, ಕೊಡೆ ಬಿಚ್ಚಿ, ಮುದುಕನ ತಲೆಯ ಮೇಲೆ ಹಿಡಿದು ದಾಟಿಸಿದ. ಆ ದಿನ ಮೀಟರು ಏರಿದ್ದು ಕಡಿಮೆಯೇ. ಆದರೆ ಇಪ್ಪತ್ತೆರಡು ವರ್ಷದಲ್ಲಿ ನನ್ನ ಕಾಲು ಬ್ರೇಕಿನ ಮೇಲೆ ಹೋಗದ ಒಂದೇ ದಿನ ಅದು.

ಎರಡರಷ್ಟು ಯಾಕೆ

ಅಮೆರಿಕದವನ ಎರಡನೇ ದಿನ ಎಚ್.ಡಿ. ಕೋಟೆ ಕಡೆ. ಏನು ಓಡಿಸಿದ ಅಂತೀರಿ. ನೀರು ಕೇಳಲಿಲ್ಲ, ನೆರಳು ಕೇಳಲಿಲ್ಲ. ಹಿಂದಿನ ಸೀಟಲ್ಲಿ ಲಂಡನ್ನಿನವನು ಗಂಟೆಗೊಮ್ಮೆ ಫ್ಲಾಸ್ಕಿನಿಂದ ಟೀ ಬಗ್ಗಿಸಿಕೊಂಡು, ಇದು ಬಹಳ ದೂರ ಆಯಿತು ಅಂತ ನಿಟ್ಟುಸಿರು ಬಿಡುತ್ತಿದ್ದ.

ಕಾಡಂಚಿನ ಹಾಡಿಯ ಹಿರಿಯನೊಬ್ಬ ಹೆಗಲ ಮೇಲೆ ಚೀಲ ಹಾಕಿಕೊಂಡು ನಡೆಯುತ್ತಿದ್ದ, ಹತ್ತಿಸಿಕೊಂಡೆವು. ಇವರು ಯಾರು, ಏನು ಪಂದ್ಯ ಅಂತ ವಿಚಾರಿಸಿದ. ವರ್ಷಕ್ಕೆ ಇವನು ಇಷ್ಟು, ಅವನು ಅದರ ಎರಡರಷ್ಟು ಓಡಿಸುತ್ತಾರೆ ಅಂದೆ. ಹಿರಿಯ ಬೆರಳು ಮಡಚಿ ಲೆಕ್ಕ ಹಾಕಿದ.

"ನಾನು ಈಗ ಮಗಳ ಊರ್ಗೆ ಒಂಟಿವ್ನಿ," ಅಂದ. "ಎಂಡ್ರು ಬಯ್ದಾಗೆಲ್ಲ ಒಯ್ತೀನಿ. ಅಂಗಾರೆ ಈ ದಪ್ಪನೋರ ಮನೇಲಿ ಬಯ್ಗುಳ ಎರಡರಷ್ಟು ಅಂತಾಯ್ತು."

ಅಮೆರಿಕದವನು ಏನಂದರು ಅಂತ ಕೇಳಿದ. ನನ್ನ ಇಂಗ್ಲಿಷು ಆರ್‌ಟಿಒ ಫಾರಂ ತುಂಬುವಷ್ಟು. ಅದರಲ್ಲೇ, ನಿಮ್ಮದು ದೊಡ್ಡ ದೇಶ ಅಂತ ಹೊಗಳಿದರು ಅಂದೆ. ಅವನು ಖುಷಿಯಾಗಿ ತಿರುಗಿ ಹಿರಿಯನ ಕೈ ಕುಲುಕಿದ. ಹಿರಿಯ ಆ ಕೈಯನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು, ತುಂಬ ಮರುಕದಿಂದ, "ಸಹಿಸ್ಕಬೇಕು ಬುಡಿ," ಅಂದ.

ಹುರುಳಿ

ಅಮೆರಿಕದವನ ಮೂರನೇ ದಿನ ಅರ್ಧಕ್ಕೇ ನಿಂತಿತು. ಪೆಟ್ರೋಲ್ ಬಂಕಿನಲ್ಲಿ ಪರಿಚಯವಾದವನೊಬ್ಬ ಬೀಗರ ಊಟಕ್ಕೆ ಎಳೆದುಕೊಂಡು ಹೋದ. ಇವನು ಮುದ್ದೆ ಹೊಡೆದು ಪೆಂಡಾಲಿನಲ್ಲೇ ನಾಲ್ಕು ಗಂಟೆಯವರೆಗೆ ಮಲಗಿದ. ಹಾಗಾಗಿ ಆರನೇ ದಿನ ಮಧ್ಯಾಹ್ನ ಮೂರೂವರೆಗೆ ಲಂಡನ್ನಿನವನು ಗೆಲ್ಲೋಕೆ ಹನ್ನೊಂದೇ ಕಿಲೋಮೀಟರು ಬಾಕಿ. ಇನ್ನೂ ಒಂದೂವರೆ ಗಂಟೆ ಇದೆ. ಪಿರಿಯಾಪಟ್ಟಣ ದಾಟಿ ಹಾರನಹಳ್ಳಿ ಕಡೆ ಹೊರಟಿದ್ದೆವು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಆ ಮನುಷ್ಯ ಶಿಳ್ಳೆ ಹಾಕುತ್ತಿದ್ದ.

ತಿರುವಿನಲ್ಲಿ ರಸ್ತೆ ತುಂಬ ಹುರುಳಿ ಗಿಡ ಹಾಸಿತ್ತು, ಒಂದು ಫರ್ಲಾಂಗು ಉದ್ದಕ್ಕೆ. ಲಂಡನ್ನಿನವನು ಬ್ರೇಕ್ ಹಾಕಿದ. ನಮ್ಮಲ್ಲಿ ಬೆಳೆಯನ್ನ ಬೇಕೆಂದೇ ರಸ್ತೆಗೆ ಹಾಸ್ತಾರೆ, ಗಾಡಿಗಳು ಹತ್ತಿ ಹೋದರೆ ಕಾಳು ಉದುರುತ್ತೆ, ಒಕ್ಕಣೆ ಪುಕ್ಕಟೆ, ಹತ್ತಿಸಿ ಅಂದೆ. ಅವನು ಕದಲಲಿಲ್ಲ. ಯಾರದೋ ಊಟದ ಮೇಲೆ ನಾನು ಕಾರು ಹತ್ತಿಸೋಲ್ಲ ಅಂದ. ನನ್ನ ಮಾತು ನಂಬಬಾರದು ಅಂತ ಅಷ್ಟು ದಿನದಲ್ಲಿ ಚೆನ್ನಾಗಿ ಕಲಿತಿದ್ದ.

ಅಷ್ಟರಲ್ಲಿ ಹುರುಳಿಯ ಒಡತಿ ಬಂದಳು. ಗಟ್ಟಿ ಮುದುಕಿ, ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು.

"ಯಾಕಪ್ಪ ನಿಂತ್ಕಂಡೆ? ಅತ್ಸು," ಅಂದಳು. "ಮುಂದೆ ಮೋರಿ ಕಿತ್ತಾಕವ್ರೆ. ಎರಡು ದಿನದಿಂದ ಒಂದು ಗಾಡಿ ಇಲ್ಲ, ಒಂದು ಬಸ್ಸಿಲ್ಲ. ಆ ಮೋಡ ನೋಡು. ನೆಂದ್ರೆ ಮೊಳ್ಕೆ ಒಡೀತದೆ, ನನ್ ವರ್ಸದ ಸಾರು ಓಯ್ತದೆ."

ಮಳೆಗಾಲವಲ್ಲದಿದ್ದರೂ ಪಶ್ಚಿಮದ ಕಡೆ ಮೋಡ ನಿಜವಾಗಿಯೂ ಕಪ್ಪಾಗಿತ್ತು. ಮುದುಕಿಯ ಮಾತನ್ನ ನಾನು ಒಂದಕ್ಷರ ಬದಲಿಸದೆ ಇಂಗ್ಲಿಷಿಗೆ ತಂದೆ. ನನ್ನ ಜೀವಮಾನದಲ್ಲಿ ಅದೇ ಮೊದಲು. ಲಂಡನ್ನಿನವನು ಮುದುಕಿಯ ಕಡೆ ನೋಡಿ ತಲೆ ಬಾಗಿಸಿದ, ಕಾರು ಹತ್ತಿಸಿದ.

ಆ ತುದಿಯಲ್ಲಿ ಹೊಗೆಸೊಪ್ಪು ಒಣಗಿಸುವ ಬ್ಯಾರನ್ ಮನೆಯ ಮುಂದೆ ತಿರುಗಿಸಿ, ಈ ತುದಿಗೆ. ಇಲ್ಲಿ ಹುಣಸೆಮರದ ಕೆಳಗೆ ತಿರುಗಿಸಿ, ಆ ತುದಿಗೆ. ಒಂದು ಗಿಡವನ್ನೂ ಬಿಡದ ಹಾಗೆ, ಇಸ್ತ್ರಿ ಮಾಡುವವನ ಥರ ಓಡಿಸಿದ. ಮೀಟರು ಏರುತ್ತಿತ್ತು. ಅಮೆರಿಕದವನು ಇಳಿದುಬಿಟ್ಟ. ಆಕ್ಷೇಪ ಎತ್ತುತ್ತಾನೆ ಅಂದುಕೊಂಡೆ, ಎಲ್ಲಿಗೂ ಹೋಗದೆ ದೂರ ಹೇಗಾಗುತ್ತೆ ಅಂತ ಕೇಳುವ ಹಕ್ಕು ಅವನಿಗಿತ್ತು. ಅವನು ಟೋಪಿ ತೆಗೆದಿಟ್ಟು, ಮುದುಕಿಯ ಕೈಯಿಂದ ಕವೆಗೋಲು ಇಸಿದುಕೊಂಡು, ತನ್ನ ಎದುರಾಳಿಯ ಚಕ್ರಕ್ಕೆ ಹುರುಳಿ ಮಗುಚಿ ಮಗುಚಿ ಕೊಡತೊಡಗಿದ.

ಐದಕ್ಕೆ ಹತ್ತು ನಿಮಿಷ ಇರುವಾಗ ಮುದುಕಿ ಕೈ ಎತ್ತಿದಳು. ಸಾಕು, ಇನ್ನು ಓಡಿಸಿದರೆ ಕಾಳು ಒಡೆಯುತ್ತದೆ. ಮೀಟರು ನೋಡಿದೆ, ಇನ್ನೂ ಎರಡು ಕಿಲೋಮೀಟರು. ಬಂದ ದಾರಿಯಲ್ಲೇ ಒಮ್ಮೆ ಹೋಗಿ ಬಂದರೆ ಪಂದ್ಯ ನಿಮ್ಮದು, ಐದು ನಿಮಿಷದ ಕೆಲಸ ಅಂದೆ. ಲಂಡನ್ನಿನವನು ಮೋಡ ನೋಡಿದ, ರಸ್ತೆಯ ಮೇಲೆ ಬಿದ್ದ ಕಾಳು ನೋಡಿದ. ಕೀಲಿ ಕಿತ್ತು ನನ್ನ ಕೈಗಿಟ್ಟು, ಇಳಿದು ಮುದುಕಿಯ ಮೊರ ತೆಗೆದುಕೊಂಡ.

ನಾಲ್ಕು ಜನ ಗುಡಿಸಿ, ತೂರಿ, ಚೀಲಕ್ಕೆ ತುಂಬಿ ಬ್ಯಾರನ್ನಿನೊಳಗೆ ಹಾಕುವ ಹೊತ್ತಿಗೆ ಐದು ದಾಟಿತ್ತು. ಮೊದಲ ಹನಿ ಬರೀ ರಸ್ತೆಯ ಮೇಲೆ ಬಿತ್ತು.

ಈಗ ಶುರುವಾಯಿತು ಜಗಳ. ಅವನೇ ಗೆದ್ದ ಅಂತ ಬರಿ ಅಂದ ಅಮೆರಿಕದವನು. ಎರಡು ಕಿಲೋಮೀಟರು ಕಡಿಮೆ ಇದೆ, ನಾನೇ ಸೋತೆ ಅಂತ ಬರಿ ಅಂದ ಲಂಡನ್ನಿನವನು. ನಾನು ಮೀಟರು ಬರೆದಿಡುತ್ತಿದ್ದ ನೋಟ್‌ಬುಕ್ಕನ್ನ ಇಬ್ಬರೂ ಆ ಕಡೆ ಈ ಕಡೆ ಎಳೆದರು. ಮುದುಕಿ ಇವರಿಗೆ ಏನು ಸಂಬಂಧ ಅಂತ ಕೇಳಿದಳು. ಷಡ್ಡಕರು ಅಂದೆ.

"ಅಂಗನ್ನು," ಅಂದು ಒಳಗೆ ಹೋಗಿ, ಹುರುಳಿಯನ್ನ ಎರಡು ಗಂಟು ಕಟ್ಟಿ ತಂದು, ಸಮ ಇದೆಯಾ ಅಂತ ಎರಡು ಕೈಯಲ್ಲೂ ತೂಗಿ ನೋಡಿ, ಒಂದರಿಂದ ಒಂದು ಹಿಡಿ ತೆಗೆದು ಇನ್ನೊಂದಕ್ಕೆ ಹಾಕಿ ಕೊಟ್ಟಳು. "ಪಾಲಿಗೆ ಕಿತ್ತಾಡಬ್ಯಾಡಿ ಕಣ್ರಪ್ಪ."

ಲಂಡನ್ನಿನವನು ಮಾತಿಗೆ ತಪ್ಪುವವನಲ್ಲ. ಬ್ಯಾರನ್ನಿನ ಸೂರಿನ ಕೆಳಗೆ ನಿಂತು, ಕಿವಿ ಕೆಂಪು ಮಾಡಿಕೊಂಡು, ಅತ್ತೆಗೆ ಫೋನು ಹಚ್ಚಿದ. ಅತ್ತೆಗೆ ಕಿವಿ ಮಂದ, ಆದ್ದರಿಂದ ಸ್ಪೀಕರ್ ಹಾಕಿದ. ಅವನು ನನಗಿಂತ ಒಳ್ಳೇ ಡ್ರೈವರು ಅಂತ ಗಟ್ಟಿಯಾಗಿ, ಒಂದೊಂದೇ ಪದ ಬಿಡಿಸಿ ಹೇಳಿದ.

"ಯಾವುದಕ್ಕೆ ಗುದ್ದಿದೆ?" ಅಂದರು ಅತ್ತೆ.

ಅಮೆರಿಕದವನು ತಡೆಯಲಾರದೆ ಫೋನು ಕಿತ್ತುಕೊಂಡು, ಇಲ್ಲ ಇಲ್ಲ, ಅವನೇ ನನಗಿಂತ ಒಳ್ಳೇ ಡ್ರೈವರು, ಇವತ್ತು ಕಣ್ಣಾರೆ ನೋಡಿದೆ ಅಂದ.

"ಅಯ್ಯೋ," ಅಂದರು ಅತ್ತೆ, "ನೀನೂ ಅದೇ ಕಾರಲ್ಲಿದ್ದೆಯಾ? ನಿಮ್ಮಿಬ್ಬರಲ್ಲಿ ಯಾರಿಗೆ ತಲೆಗೆ ಜಾಸ್ತಿ ಪೆಟ್ಟು?"

ಅತ್ತೆಯ ಇಂಗ್ಲಿಷು ನನಗೆ ಅಷ್ಟು ಚೆನ್ನಾಗಿ ಹೇಗೆ ಅರ್ಥವಾಯಿತು ಅಂತ ಕೇಳಬೇಡಿ. ಅರ್ಧ ಅರ್ಥವಾಯಿತು, ಇನ್ನರ್ಧ ನನ್ನದು. ಅಷ್ಟು ದೂರದ ಕಥೆ ಹೇಳಿ ಗಂಟಲು ಒಣಗಿ ಎರಡು ಟೀ ಆಯಿತು, ಏಳೋಣವಾ? ದುಡ್ಡು ನೀವೇ ಕೊಟ್ಟುಬಿಡಿ.